ಲೀಡ್ಸ್‌ನ ವ್ಯಾನು, ಮಂಡ್ಯದ ಮೇಸ್ತ್ರಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು 1998ರ ಫೋಕ್ಸ್‌ವ್ಯಾಗನ್ ಟಿ4 ಕ್ಯಾಂಪರ್ ವ್ಯಾನೊಂದನ್ನು ಕೊಂಡಿದ್ದೇನೆಂಬ ಸುದ್ದಿ ಮಂಡ್ಯ ತಲುಪಿದಾಗ, ನೂರಡಿ ರಸ್ತೆಯ ಹತ್ತಿರ ಗ್ಯಾರೇಜು ಇಟ್ಟುಕೊಂಡಿರುವ ನನ್ನ ಸೋದರಮಾವ ಕೇಳಿದ್ದು ಒಂದೇ ಪ್ರಶ್ನೆ: “ತಳ ನೋಡಿದ್ಯೇನ್ಲಾ?” ನೋಡಿರಲಿಲ್ಲ. ಬಿಚ್ಚಿದರೆ ಹಾಸಿಗೆಯಾಗುವ ಹಿಂದಿನ ಸೀಟು, ಎರಡು ಉರಿಯ ಒಲೆ, ಮೇಲಕ್ಕೆತ್ತಿದರೆ ಒಳಗೆ ನಿಂತುಕೊಳ್ಳಬಹುದಾದ ಚಾವಣಿ, ನಮ್ಮೂರಿನ ಗಾಡಿಗಳಂತೆಯೇ ಬಲಗಡೆಗಿರುವ ಸ್ಟೀರಿಂಗು, ಇಷ್ಟಕ್ಕೇ ಮರುಳಾಗಿ ದುಡ್ಡು ಕೊಟ್ಟಿದ್ದೆ.

ಇಲ್ಲಿ ವಾಹನಕ್ಕೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಂಒಟಿ ಎಂಬ ತಪಾಸಣೆ ಮಾಡಿಸಬೇಕು. ನಮ್ಮಲ್ಲಿ ಲಾರಿ, ಟ್ಯಾಕ್ಸಿಗಳಿಗೆ ಮಾಡಿಸುವ ಎಫ್‌ಸಿಯಂಥದೇ. ಆದರೆ ಸ್ವಂತ ಬಳಕೆಯ ಗಾಡಿಗೂ ತಪ್ಪಿದ್ದಲ್ಲ. ನೋಂದಣಿ ಸಂಖ್ಯೆ ಹಾಕಿದರೆ ಹಿಂದಿನ ವರ್ಷಗಳಲ್ಲಿ ಪರೀಕ್ಷಕರು ಏನು ಬರೆದಿದ್ದಾರೆಂಬುದನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ನನ್ನ ವ್ಯಾನಿನ ತಳದಲ್ಲಿ ತುಕ್ಕಿದೆಯೆಂದು ಸತತ ಮೂರು ವರ್ಷ ಬರೆದಿದ್ದರು. ಹತ್ತು ನಿಮಿಷದ ಆ ಓದನ್ನು ನಾನು ಮಾಡಿದ್ದು ಕೊಂಡು ಮನೆಗೆ ತಂದ ಮೇಲೆ.

ಅದಕ್ಕಿಂತ ದೊಡ್ಡ ತಪ್ಪು ಮೊದಲ ಬೇಸಿಗೆಯದು. ಅಮ್ಮ ಕಳಿಸಿದ ಕೈಮಗ್ಗದ ಬಟ್ಟೆಯಲ್ಲಿ ಪರದೆ ಹೊಲಿಸಿ, ಮೆತ್ತೆಗಳನ್ನು ಬದಲಿಸಿ, ಒಳಗಿನ ಕಪಾಟಿಗೆ ಬಣ್ಣ ಹೊಡೆದೆ. ನವೆಂಬರ್ ಹೊತ್ತಿಗೆ ಹೊಸ ಮೆತ್ತೆಯ ಅಡಿಯಲ್ಲಿ ಬೂಷ್ಟು ಹಿಡಿದು, ಬಾಗಿಲು ತೆಗೆದರೆ ಮುಗ್ಗಲು ವಾಸನೆ ಬರತೊಡಗಿತು. ಮೊದಲು ನೀರು, ಆಮೇಲೆ ತುಕ್ಕು, ಆಮೇಲೆ ವೈರು, ಶೃಂಗಾರ ಕಡೆಗೆ ಎಂಬ ಮಾವನ ಸರದಿಯನ್ನು ನಾನು ಪೂರ್ತಿ ತಲೆಕೆಳಗು ಮಾಡಿದ್ದೆ.

ಸೋರಿಕೆ ಹುಡುಕುವುದು ಹೊಸಬರಿಗೆ ಬಲು ತಬ್ಬಿಬ್ಬಿನ ಕೆಲಸ, ಏಕೆಂದರೆ ನೀರು ಒಂದು ಕಡೆ ನುಗ್ಗಿ, ತಗಡಿನ ಮಡಿಕೆಗಳಲ್ಲಿ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಒಳಗಿನ ಹಲಗೆಗಳನ್ನು ಕಳಚಿ, ಊರಿನಿಂದ ತಂದಿದ್ದ ರಂಗೋಲಿ ಪುಡಿಯಲ್ಲಿ ಹತ್ತಿಯನ್ನು ಅದ್ದಿ ತಗಡಿನ ಅಂಚುಗಳಿಗೆಲ್ಲ ಸವರಿದೆ. ಹೆಂಡತಿ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟಳು. ಇಲ್ಲಿ ಒಂದು ಎಚ್ಚರ ಬೇಕು: ನೀರನ್ನು ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಒಯ್ಯಬೇಕು. ನೇರವಾಗಿ ಚಾವಣಿಗೇ ಹಾಯಿಸಿದರೆ ಎಲ್ಲ ಕಡೆಯೂ ಒಟ್ಟಿಗೆ ನೆನೆದು ಯಾವ ಸಂದು ಕೆಟ್ಟಿದೆಯೆಂದು ತಿಳಿಯುವುದಿಲ್ಲ. ನಾನು ಚಾವಣಿಯ ಕ್ಯಾನ್ವಾಸನ್ನು ಅನುಮಾನಿಸಿದ್ದೆ. ಅದು ನಿರ್ದೋಷಿ. ಹೊರಗೆ ನೆರಳಿನ ಬಟ್ಟೆ ಕಟ್ಟಲು ಹಾಕಿದ್ದ ಪಟ್ಟಿಯ ಎರಡು ಸ್ಕ್ರೂ ತೂತುಗಳಿಂದ, ಬಿಳಿಯ ಪುಡಿಯ ನಡುವೆ ಬೂದುಬಣ್ಣದ ಎರಡು ಗೆರೆಗಳು ಇಳಿದುಬಂದವು.

ಹಿಂದಿನ ಮಾಲೀಕರು ಅಲ್ಲಿಗೆ ಸಿಲಿಕೋನ್ ಬಳಿದಿದ್ದರು. ಸಿಲಿಕೋನಿನ ಮೇಲೆ ಬಣ್ಣವೂ ಹಿಡಿಯದು, ಬೇರೆ ಅಂಟೂ ಹಿಡಿಯದು. ಪ್ಲಾಸ್ಟಿಕ್ಕಿನ ಚೂರಿಯಿಂದ ಕೊನೆಯ ಎಳೆಯವರೆಗೂ ಕೆರೆದು ತೆಗೆಯುವುದರಲ್ಲಿ ಒಂದು ಭಾನುವಾರ ಹೋಯಿತು. ಆಮೇಲೆ ತೂತಿನ ಸುತ್ತಲಿನ ತುಕ್ಕನ್ನು ಉಜ್ಜಿ, ಪ್ರೈಮರ್ ಹೊಡೆದು, ಪಾಲಿಯುರೆಥೇನ್ ಸೀಲಂಟ್ ತುಂಬಿದೆ.

ಜನವರಿಯ ಒಂದು ಶನಿವಾರ ಸೆಲ್ಫ್ ಹೊಡೆದರೆ ಇಂಜಿನ್ನು ನರಳಿ ಸುಮ್ಮನಾಯಿತು. ಆಗ ಇಲ್ಲಿ ಬೆಳಿಗ್ಗೆ ಎಂಟು, ಮಂಡ್ಯದಲ್ಲಿ ಮಧ್ಯಾಹ್ನ ಒಂದೂವರೆ. ಮಾವ ಮುದ್ದೆ ಉಂಡು ಕೈ ತೊಳೆಯುತ್ತಿದ್ದರು. ಹೊಸ ಬ್ಯಾಟರಿ ತರುತ್ತೇನೆಂದದ್ದಕ್ಕೆ, “ಸುಮ್ಕೆ ಯಾಕ್ಲಾ ದುಡ್ಡು ಕಳೀತೀಯ? ಮೊದ್ಲು ಅರ್ತ್ ನೋಡು” ಎಂದರು. ಅರ್ತ್ ಅಂದರೆ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಾಡಿಗೂ ಇಂಜಿನ್ನಿಗೂ ಸೇರಿಸುವ ಜೋಡಣೆ. ಮಲ್ಟಿಮೀಟರ್ ಬ್ಯಾಟರಿಯ ಮೇಲೆ 12.6 ವೋಲ್ಟ್ ತೋರಿಸಿತು, ಅಂದರೆ ಚಾರ್ಜಿಗೆ ಕೊರತೆಯಿರಲಿಲ್ಲ. ಮಾವ ಹೇಳಿದಂತೆ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿದಾಗ, ಅರ್ಧ ವೋಲ್ಟಿನೊಳಗಿರಬೇಕಾದದ್ದು ಎರಡನ್ನು ದಾಟಿತು. ಅರ್ತ್ ಪಟ್ಟಿಯ ಬೋಲ್ಟು ಬಿಚ್ಚಿ ನೋಡಿದರೆ ಅದರಡಿಯಲ್ಲಿ ಹಸಿರು ಕಿಲುಬು, ಬಾಡಿಯ ಕಡೆ ತುಕ್ಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಟ್ಟು, ಎರಡೂ ಮುಖಗಳನ್ನು ಎಮರಿ ಕಾಗದದಲ್ಲಿ ಹೊಳೆಯುವಷ್ಟು ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ವ್ಯಾನು ಒಂದೇ ಹೊಡೆತಕ್ಕೆ ಎದ್ದಿತು. ಎಮರಿ ಕಾಗದವೊಂದೇ ಖರ್ಚು.

ತಳದ ತುಕ್ಕು ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟದಿರಲೆಂದು ರಸ್ತೆಗೆ ಚೆಲ್ಲುವ ಉಪ್ಪು ತಗಡನ್ನು ತಿನ್ನುವ ವೇಗ ನಮ್ಮ ಕಡೆಯವರಿಗೆ ಊಹೆಗೆ ಸಿಗದು. ಮಾವನ ಗ್ಯಾರೇಜಿನ ಹಿಂದೆ ನಿಂತಿರುವ ಹಳೆಯ ಮೆಟಡೋರಿನ ಬಣ್ಣ ಹೋಗಿದೆಯೇ ಹೊರತು ತಳ ಇನ್ನೂ ಗಟ್ಟಿಯಿದೆ. ನನ್ನ ವ್ಯಾನಿನ ಮೆಟ್ಟಿಲಿನ ಅಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ ಮುರಿದಂತೆ ಸದ್ದಾಗಿ ಒಳಗೆ ಇಳಿಯಿತು. ಸೀಟ್ ಬೆಲ್ಟ್, ಸಸ್ಪೆನ್ಷನ್ ಮುಂತಾದವು ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ಹೀಗೆ ಕೊಳೆತು ಬಲ ಕಳೆದುಕೊಂಡಿದ್ದರೆ ಎಂಒಟಿಯಲ್ಲಿ ಪಾಸಾಗುವುದಿಲ್ಲ. ಪೇಸ್ಟ್ ಮೆತ್ತಿ ಮುಚ್ಚಿದರೆ ನಡೆಯದು, ಹೊಸ ತಗಡು ಕತ್ತರಿಸಿ ಬೆಸೆಯಬೇಕು. ಅದನ್ನು ವೆಲ್ಡರ್ ಒಬ್ಬರಿಗೆ ಒಪ್ಪಿಸಿದೆ. ಬ್ರೇಕನ್ನೂ ಗ್ಯಾಸನ್ನೂ ಕಲಿಯುವ ಉಮೇದಿನಲ್ಲಿ ಮುಟ್ಟಲಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮಲಗುವ ನೆಲದ ಮಟ್ಟದಲ್ಲೇ ಶೇಖರವಾಗುತ್ತದೆ. ಅದು ಹೊರಗೆ ಹೋಗಲೆಂದು ಸಿಲಿಂಡರಿನ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ ಕಿಂಡಿಯ ಮೇಲೆ ಹಿಂದಿನವರು ಕಾರ್ಪೆಟ್ ಅಂಟಿಸಿದ್ದರು! ಅದನ್ನು ಕಿತ್ತು ಬಿಸಾಡಿದ್ದಷ್ಟೇ ನನ್ನ ಪಾಲಿನ ಕೆಲಸ.

ವ್ಯಾನಿನ ಅಡಿಗೆ ಹೋಗುವ ಮುನ್ನ ಪ್ರತಿ ಸಲವೂ ಮಾವನಿಗೆ ವೀಡಿಯೊದಲ್ಲಿ ತೋರಿಸಬೇಕೆಂಬ ಕರಾರಿದೆ. “ಜಾಕ್ ನಂಬ್ಕಂಡು ತಳಕ್ಕೆ ತೂರ್‍ಬ್ಯಾಡ” ಎನ್ನುವ ಅವರು ಸ್ವತಃ ಸೈಜುಗಲ್ಲು ಕೊಟ್ಟು ಕೆಲಸ ಮಾಡಿದವರು. ಆದರೆ ನನಗೆ ಕಬ್ಬಿಣದ ಆ್ಯಕ್ಸಲ್ ಸ್ಟ್ಯಾಂಡುಗಳನ್ನೇ ಕೊಳ್ಳಿಸಿದರು.

ಕಳೆದ ವಾರ ಎರಡು ದಿನ ಬಿಡದೆ ಮಳೆ ಸುರಿಯಿತು. ಹಲಗೆ ತೆಗೆದು ನೋಡಿದಾಗ ರಂಗೋಲಿ ಪುಡಿ ಬೆಳ್ಳಗೇ ಇತ್ತು, ಮುಂದಿನ ಗಾಜಿನ ಕೆಳಮೂಲೆಯಲ್ಲಿ ಒಂದು ಬೆರಳಗಲವನ್ನು ಬಿಟ್ಟು. ಆ ಗಾಜು ತೆಗೆಸುವವರೆಗೆ ಮೆತ್ತೆಗಳು ಮನೆಯೊಳಗೇ ಇರುತ್ತವೆ.