ಮಳೆ ಪುಸ್ತಕದ ಪ್ರಾಜೆಕ್ಟ್: ಪ್ರೈವೇಟ್ ಎಂಡ್‌ಪಾಯಿಂಟ್ ಹಾಕಿದ ವಾರ

ಶನಿವಾರ

ಅಜ್ಜನ ಮಳೆ ಲೆಕ್ಕದ ಪುಸ್ತಕಗಳ ಫೋಟೊ ತೆಗೆದು ಮುಗಿಯಿತು. ದಿನಕ್ಕೊಂದು ಸಾಲು, ಇಷ್ಟು ಇಂಚು ಇಷ್ಟು ಸೆಂಟ್ ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಫೋಟೊಗಳೆಲ್ಲ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನಲ್ಲಿ, ಫೈಲ್ ಇಡುವ ಬ್ಲಾಬ್ ಸ್ಟೋರೇಜ್‌ನಲ್ಲಿವೆ. ಅವನ್ನು ಓದುವ ಪ್ರೋಗ್ರಾಂ ಅಲ್ಲೇ ಒಂದು ಸಣ್ಣ ವರ್ಚುವಲ್ ಮಷೀನ್‌ನಲ್ಲಿ, ಅಂದರೆ ಬಾಡಿಗೆ ಕಂಪ್ಯೂಟರ್‌ನಲ್ಲಿ, ಓಡುತ್ತದೆ.

ಇಷ್ಟು ದಿನ ಸ್ಟೋರೇಜ್ ಇಂಟರ್‌ನೆಟ್‌ಗೆ ತೆರೆದೇ ಇತ್ತು. ಕೀ (ಪಾಸ್‌ವರ್ಡ್ ಥರದ್ದು) ಕೈಗೆ ಸಿಕ್ಕರೆ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ತೆಗೆಯಬಹುದು. ಮನಸ್ಸಿಗೆ ಸರಿ ಬರಲಿಲ್ಲ. ಅದಕ್ಕೇ ಇವತ್ತು ಪ್ರೈವೇಟ್ ಎಂಡ್‌ಪಾಯಿಂಟ್ ಹಾಕಿದೆ. ಅಂದರೆ ನಮ್ಮ ನೆಟ್‌ವರ್ಕ್ ಒಳಗೇ ಆ ಸ್ಟೋರೇಜ್‌ಗೆ ಒಂದು ಪ್ರೈವೇಟ್ ಐಪಿ, ಒಳಗಿನವರಿಗಷ್ಟೇ ಸಿಗುವ ವಿಳಾಸ, ಸಿಗುತ್ತದೆ. ನನ್ನ ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ಭಾಗ) 10.0.2.0/24, ಸಿಕ್ಕಿದ್ದು 10.0.2.4. ಪ್ರತಿ ಸಬ್‌ನೆಟ್‌ನ ಮೊದಲ ನಾಲ್ಕು ವಿಳಾಸಗಳನ್ನು (0ರಿಂದ 3) ಅಜೂರ್ ತನಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ನಮಗೆ 4ರಿಂದ ಶುರು.

ಆದರೆ ಹಿತ್ತಿಲ ಬಾಗಿಲು ಇಟ್ಟ ಮಾತ್ರಕ್ಕೆ ಮುಂಬಾಗಿಲಿಗೆ ಬೀಗ ಬೀಳುವುದಿಲ್ಲ. ಪಬ್ಲಿಕ್ ಆಕ್ಸೆಸ್ಸನ್ನು ಬೇರೆಯಾಗಿ ಆಫ್ ಮಾಡಬೇಕು. ಮಾಡಿದೆ. ತಕ್ಷಣ ಪ್ರೋಗ್ರಾಂಗೆ 403 ಬರತೊಡಗಿತು.

ಭಾನುವಾರ

403 ಅಂದರೆ ಅನುಮತಿ ಇಲ್ಲ ಅಂತ. ಕೀ ತಪ್ಪಿರಬೇಕು ಅಂದುಕೊಂಡು ಎರಡು ಸಲ ಹೊಸ ಕೀ ಮಾಡಿಕೊಂಡೆ. ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು. ಸಂಜೆ ಮಷೀನ್ ಒಳಗಿಂದ ಎನ್‌ಎಸ್‌ಲುಕಪ್ (ಒಂದು ಹೆಸರಿಗೆ ಯಾವ ಐಪಿ ಅಂತ ಕೇಳುವ ಕಮಾಂಡ್) ಮಾಡಿ ನೋಡಿದೆ. ಸ್ಟೋರೇಜ್‌ನ ಹೆಸರು ಮೊದಲು 'ಪ್ರೈವೇಟ್‌ಲಿಂಕ್' ಅಂತ ಸೇರಿದ ಇನ್ನೊಂದು ಹೆಸರಿಗೆ ಹೋಯಿತು, ಅಲ್ಲಿಂದ ಮತ್ತೆ ಪಬ್ಲಿಕ್ ಐಪಿಗೇ! 10.0.2.4ರ ಸುಳಿವೇ ಇಲ್ಲ. ಪ್ರೋಗ್ರಾಂ ಬೀಗ ಹಾಕಿದ ಮುಂಬಾಗಿಲನ್ನೇ ತಟ್ಟುತ್ತಿತ್ತು.

ಹಾಗಾದರೆ ಪ್ರೈವೇಟ್‌ಲಿಂಕ್ ಹೆಸರನ್ನೇ ಕೋಡ್‌ನಲ್ಲಿ ಹಾಕಿದರೆ? ಅದನ್ನೂ ನೋಡಿದೆ. ಸರ್ಟಿಫಿಕೇಟ್ ಎರರ್. ಈ ಹೆಸರು ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಇರುವುದು ಮಾಮೂಲಿ ಹೆಸರಿಗೆ ಮಾತ್ರ. ಕೋಡ್‌ನಲ್ಲಿ ಹೆಸರು ಬದಲಾಗಬಾರದು, ಆ ಹೆಸರಿಗೆ ಸಿಗುವ ಉತ್ತರ ಬದಲಾಗಬೇಕು. ನನಗೆ ಎಂಡ್‌ಪಾಯಿಂಟ್ ನಿಜವಾಗಿ ಅರ್ಥವಾಗಿದ್ದು ಇಲ್ಲಿ.

ಬುಧವಾರ ರಾತ್ರಿ

ಎಂಡ್‌ಪಾಯಿಂಟನ್ನು ಕಮಾಂಡ್ ಲೈನ್‌ನಿಂದ ಮಾಡಿದ್ದೆ. ಹಾಗೆ ಮಾಡಿದರೆ ಡಿಎನ್‌ಎಸ್ ಕೆಲಸ, ಅಂದರೆ ಹೆಸರಿಗೆ ಐಪಿ ಜೋಡಿಸುವ ಕೆಲಸ, ನಾವೇ ಮಾಡಿಕೊಳ್ಳಬೇಕು. ಪ್ರೈವೇಟ್ ಡಿಎನ್‌ಎಸ್ ಜೋನ್ (ನಮ್ಮ ನೆಟ್‌ವರ್ಕ್‌ಗಷ್ಟೇ ಕಾಣುವ ಹೆಸರು-ಐಪಿ ಪಟ್ಟಿ) ಮಾಡಿದೆ, ಅದರಲ್ಲಿ ಸ್ಟೋರೇಜ್ ಹೆಸರಿಗೆ 10.0.2.4 ಬರೆದೆ, ಜೋನನ್ನು ನೆಟ್‌ವರ್ಕ್‌ಗೆ ಲಿಂಕ್ ಮಾಡಿದೆ. ಈ ಕೊನೆಯ ಲಿಂಕ್ ಮರೆತರೆ ಉಳಿದದ್ದೆಲ್ಲ ಸುಮ್ನೆ.

ಮತ್ತೆ ಎನ್‌ಎಸ್‌ಲುಕಪ್. 10.0.2.4 ಬಂತು! ಪ್ರೋಗ್ರಾಂ ಶುರು ಮಾಡಿದೆ, ಜೂನ್ ತಿಂಗಳ ಪುಟ ತೆರೆಯಿತು. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದೇ ಹೆಸರು ಕೇಳಿದರೆ ಈಗಲೂ ಪಬ್ಲಿಕ್ ಐಪಿ, ಈಗಲೂ 403. ಅದು ಹಾಗೇ ಇರಬೇಕು, ಅಲ್ವಾ?

ಖರ್ಚಿನ ಮಾತು: ಒಂದು ಎಂಡ್‌ಪಾಯಿಂಟ್‌ಗೆ ಗಂಟೆಗೆ 0.01 ಡಾಲರ್, ತಿಂಗಳಿಗೆ 7 ಡಾಲರ್ ದಾಟುತ್ತದೆ. ಡೇಟಾಗೆ ಬೇರೆ. ಹಣ ಉಳಿಸಬೇಕು ಅನ್ನುವವರಿಗೆ ಸರ್ವಿಸ್ ಎಂಡ್‌ಪಾಯಿಂಟ್ ಪುಕ್ಕಟೆ ಇದೆ. ಸ್ಟೋರೇಜ್‌ನ ಐಪಿ ಪಬ್ಲಿಕ್ ಆಗೇ ಉಳಿಯುತ್ತದೆ, ಆದರೆ ನಮ್ಮ ಸಬ್‌ನೆಟ್‌ನಿಂದ ಮಾತ್ರ ಬರಲಿ ಅಂತ ಕಟ್ಟು ಹಾಕಬಹುದು. ಇಂಥ ಸಣ್ಣ ಪ್ರಾಜೆಕ್ಟ್‌ಗೆ ಅದೇ ಸಾಕು. ನಾನು ಕಲಿಯಬೇಕು ಅಂತಲೇ ಪ್ರೈವೇಟ್ ಎಂಡ್‌ಪಾಯಿಂಟ್ ಆರಿಸಿಕೊಂಡೆ.

ಇನ್ನೂ ಒಂದು ಬಾಕಿ. ಮಳೆಯ ಅಂಕಿಗಳನ್ನು ಅದೇ ಅಕೌಂಟ್‌ನ ಟೇಬಲ್ ಸ್ಟೋರೇಜ್‌ನಲ್ಲಿ ಬರೆಯುತ್ತೇನೆ. ಬ್ಲಾಬ್‌ಗೆ ಹಾಕಿದ ಎಂಡ್‌ಪಾಯಿಂಟ್ ಟೇಬಲ್‌ಗೆ ಆಗುವುದಿಲ್ಲ. ಅದಕ್ಕೆ ಬೇರೆ ಎಂಡ್‌ಪಾಯಿಂಟ್, ಬೇರೆ ಜೋನ್ ಬೇಕು. ಈ ಶನಿವಾರ ಅದನ್ನು ಹಿಡಿಯುತ್ತೇನೆ, ಈ ಸಲ ಡಿಎನ್‌ಎಸ್‌ನಿಂದಲೇ ಶುರು.