400ರಿಂದ ಶುರುವಾಗುವ ನಂಬರಿನವರು

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಪಾಠ ಮಾಡುವ ಯಾರಿಗಾದರೂ ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ರಿಜಿಸ್ಟರ್ ನಂಬರು, ನೋಡಿದ ಕೂಡಲೇ ಹುಡುಗ ಎಲ್ಲಿಂದ ಬಂದ ಅಂತ ಗೊತ್ತಾಗುತ್ತದೆ. ಕೊನೆಯ ಮೂರು ಅಂಕಿ 012, 045 ಅಂತಿದ್ದರೆ ಪಿಯುಸಿ ಮುಗಿಸಿ ಮೊದಲ ವರ್ಷಕ್ಕೆ ಸೇರಿದವನು. 400, 401 ಅಂತಿದ್ದರೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಓದಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ನೇರ ಬಿಇ ಎರಡನೇ ವರ್ಷಕ್ಕೆ ಬಂದವನು. ನಂಬರಿನ ನಡುವೆ ಇರುವ ಇಸವಿಯೂ ಬೇರೆ. ಕ್ಲಾಸಿನವರದ್ದು 22 ಆದರೆ ಇವರದ್ದು 23.

ನಾನು ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದೇನೆ. ಪಾಠದ ಜೊತೆಗೆ, ಹೀಗೆ ನೇರ ಎರಡನೇ ವರ್ಷಕ್ಕೆ ಬರುವ ಲ್ಯಾಟರಲ್ ಎಂಟ್ರಿ ಮಕ್ಕಳ ಮೆಂಟರ್ ಕೆಲಸವೂ ನನ್ನ ತಲೆಗೇ ಬಂದಿದೆ. ವರ್ಷ ವರ್ಷ ಮಾಡುತ್ತಾ ನನಗೆ ಅನ್ನಿಸಿದ್ದು ಇಷ್ಟು: ಇವರು ಹಿಂದೆ ಬೀಳುವುದಕ್ಕೆ ಅರ್ಧ ಕಾರಣ ಆ ನಂಬರೇ.

ತಮಾಷೆ ಅಲ್ಲ. ಕಾಲೇಜಿನಲ್ಲಿ ಎಲ್ಲವೂ ಯುಎಸ್‌ಎನ್ ಪ್ರಕಾರ ನಡೆಯುತ್ತದೆ. ಹಾಜರಿ, ಲ್ಯಾಬ್ ಬ್ಯಾಚ್, ವೈವಾ ಸರದಿ, ಸೆಮಿನಾರ್ ದಿನ, ಎಲ್ಲಾ. ಎಕ್ಸೆಲ್‌ನಲ್ಲಿ ಒಂದು ಸಲ ಸಾರ್ಟ್ ಮಾಡಿದರೆ ಮುಗಿಯಿತು, 400ರವರೆಲ್ಲ ಪಟ್ಟಿಯ ಕೊನೆಗೆ ಹೋಗಿ ಕೂರುತ್ತಾರೆ. ಕ್ಲಾಸನ್ನು ಮೂರು ಬ್ಯಾಚ್ ಮಾಡಿದರೆ ಇವರು ಬಿ3. ಬಿ3ಯಲ್ಲೂ ಕೊನೆಯ ಎರಡು ಟೇಬಲ್. ಉಳಿದವರು ಒಂದು ವರ್ಷ ಒಟ್ಟಿಗೆ ಕ್ಯಾಂಟೀನ್ ಅಲೆದು, ರೆಕಾರ್ಡ್ ಕಾಪಿ ಹೊಡೆದು, ಜಗಳ ಆಡಿ ಮತ್ತೆ ಒಂದಾದವರು. ಇವರು ಬರುವುದು ಕೌನ್ಸೆಲಿಂಗ್ ಎಲ್ಲಾ ಮುಗಿದ ಮೇಲೆ, ಮೂರನೇ ಸೆಮಿಸ್ಟರ್ ಶುರುವಾಗಿ ಕೆಲವು ವಾರ ಕಳೆದ ಮೇಲೆ. ಬಂದ ದಿನದಿಂದ ತಾವು ತಾವೇ ಒಂದು ಕಡೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಮಾತು: "ಲ್ಯಾಟರಲ್‌ನವರು ಯಾರ ಜೊತೆಗೂ ಬೆರೆಯೋದೇ ಇಲ್ಲ ಸರ್."

ಎಲ್ಲಿ ಬೆರೀತಾರೆ, ನಾವೇ ಸಾರ್ಟ್ ಮಾಡಿ ಬೇರೆ ಇಟ್ಟಿದ್ದೀವಲ್ಲ.

ಅದಕ್ಕೇ ನನ್ನ ಲ್ಯಾಬ್‌ಗಳಲ್ಲಿ ಯುಎಸ್‌ಎನ್ ಪ್ರಕಾರ ಬ್ಯಾಚ್ ಮಾಡುವುದನ್ನು ಬಿಟ್ಟೆ. ಒಂದೊಂದು ಟೇಬಲ್‌ಗೆ ಒಬ್ಬ ಡಿಪ್ಲೊಮಾದವನು ಅಥವಾ ಒಬ್ಬಳು. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಹಾಜರಿ ಹಾಕುವಾಗ ಪಟ್ಟಿಯಲ್ಲಿ ಹೆಸರು ಹುಡುಕಬೇಕು ಅನ್ನುವುದೊಂದೇ ರಗಳೆ.

ಮಷೀನ್ಸ್ ಲ್ಯಾಬ್‌ನಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ಒಮ್ಮೆ ಡಿಸಿ ಷಂಟ್ ಮೋಟರ್ ಪ್ರಯೋಗ. ಕನೆಕ್ಷನ್ ಮುಗಿದಿತ್ತು, ಒಬ್ಬ ಸ್ವಿಚ್ ಹಾಕಲು ಕೈ ಚಾಚಿದ. ಪಕ್ಕದಲ್ಲಿದ್ದ ಡಿಪ್ಲೊಮಾ ಹುಡುಗಿ "ಏಯ್ ತಡಿಯೋ, ಫೀಲ್ಡ್ ರಿಯೋಸ್ಟಾಟ್ ಎಲ್ಲಿದೆ ನೋಡು ಮೊದ್ಲು" ಅಂದು ಅವನ ಕೈ ತಡೆದಳು. ಮೋಟರಿನ ಫೀಲ್ಡ್ ಕರೆಂಟ್ ಹೆಚ್ಚು ಕಡಿಮೆ ಮಾಡುವ ಆ ರೆಸಿಸ್ಟೆನ್ಸ್ ಮ್ಯಾಕ್ಸಿಮಮ್ ಕಡೆ ಇತ್ತು. ತಾನೇ ಜಾರಿಸಿ ಮಿನಿಮಮ್‌ಗೆ ತಂದಳು. ಯಾಕೆ ಅಂತ ಇವನು ಕೇಳಿದ. "ಇಲ್ಲಾಂದ್ರೆ ಸ್ಪೀಡ್ ಎತ್ತಾಬಟ್ಟೆ ಏರುತ್ತೆ, ನಮ್ಮ ಪಾಲಿಟೆಕ್ನಿಕ್‌ನಲ್ಲಿ ಬೈದು ಬೈದು ಕಲಿಸಿದಾರೆ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವನು ರಫ್ ಶೀಟ್ ಮೇಲೆ ಅವಳಿಗೆ ವೇಗದ ಸಮೀಕರಣ ಬರೆದು ತೋರಿಸುತ್ತಿದ್ದ: ಫ್ಲಕ್ಸ್ (ಕಾಂತೀಯ ಹರಿವು) ಛೇದದಲ್ಲಿದೆ, ಫೀಲ್ಡ್ ಕರೆಂಟ್ ಕಡಿಮೆ ಆದರೆ ಫ್ಲಕ್ಸ್ ಕಡಿಮೆ, ಆಗ ವೇಗ ಜಾಸ್ತಿ. ನಾನು ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಇಬ್ಬರೂ ಎದ್ದು ನಿಂತು "ಸರ್" ಅನ್ನುತ್ತಿದ್ದರು, ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಇನ್ನು ಗಣಿತ. ಇದು ಬೇರೆಯೇ ಕಥೆ, ಟೇಬಲ್ ಬದಲಿಸಿದರೆ ಸರಿಹೋಗುವುದಲ್ಲ.

ಡಿಪ್ಲೊಮಾದಲ್ಲಿ ಗಣಿತ ಇರುವುದು ಬಹುಪಾಲು ಮೊದಲ ವರ್ಷದಲ್ಲಿ. ಆಮೇಲಿನ ಎರಡು ವರ್ಷ ವೈರಿಂಗ್, ಮೋಟರ್, ಪಿಎಲ್‌ಸಿ, ಇಂಡಸ್ಟ್ರಿ ಟ್ರೈನಿಂಗ್. ಹಾಗೆ ಬಂದವರು ಇಲ್ಲಿ ಮೊದಲ ವರ್ಷದ ಗಣಿತದ ಪೇಪರ್‌ಗಳಾದ ಎಂ-1, ಎಂ-2 ಓದದೆ ನೇರ ಮೂರನೇ ಸೆಮಿಸ್ಟರ್‌ನ ಎಂ-3 ಮುಂದೆ, ಲ್ಯಾಪ್ಲಾಸ್, ಫೂರಿಯರ್ ಲೆಕ್ಕಗಳ ಮುಂದೆ ಕೂರುತ್ತಾರೆ. ವಿಟಿಯುಗೆ ಇದು ಗೊತ್ತಿಲ್ಲ ಅಂತಲ್ಲ. 2018ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಇವರಿಗೆಂದೇ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಅಂತ ಎರಡು ಪೇಪರ್ ಇತ್ತು. ಹುಡುಗರ ಬಾಯಲ್ಲಿ ಅದು ಮ್ಯಾಟ್‌ಡಿಪ್. ಕ್ರೆಡಿಟ್ ಇಲ್ಲ, ಆದರೆ ಪಾಸಾಗದೆ ಡಿಗ್ರಿಯೂ ಇಲ್ಲ. ಕ್ರೆಡಿಟ್ ಇಲ್ಲ ಅನ್ನುವುದನ್ನು ಮಾತ್ರ ಕೇಳಿಸಿಕೊಂಡು ಸುಮ್ನೆ ಬಿಟ್ಟವರು, ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕ ಮೇಲೂ ಈ ಒಂದು ಪೇಪರ್ ಹಿಡಿದುಕೊಂಡು ಒದ್ದಾಡುವುದನ್ನು ನೋಡಿದ್ದೇನೆ.

ಯೋಜನೆ ಒಳ್ಳೆಯದೇ. ತೊಡಕು ಸಮಯದ್ದು. ಮ್ಯಾಟ್‌ಡಿಪ್ ಅನ್ನುವ ಈ ಬ್ರಿಡ್ಜ್ ಪೇಪರೂ ಎಂ-3ಯೂ ಒಟ್ಟೊಟ್ಟಿಗೆ ಓಡುತ್ತಿದ್ದವು. ಎಂ-3ರಲ್ಲಿ ಮೊದಲ ವಾರವೇ ಇಂಟಿಗ್ರೇಷನ್ ಬೇಕು, ಬ್ರಿಡ್ಜ್‌ನಲ್ಲಿ ಇಂಟಿಗ್ರೇಷನ್ ಬರುವ ಹೊತ್ತಿಗೆ ಸೆಮಿಸ್ಟರ್ ಅರ್ಧ ದಾಟಿರುತ್ತಿತ್ತು. ಮದುವೆ ಮುಗಿದ ಮೇಲೆ ವಾಲಗ ಊದಿದ ಹಾಗೆ.

ನಾವು ಮಾಡುವುದು ಸಣ್ಣದು. ಅಡ್ಮಿಷನ್ ಆದ ವಾರವೇ ಸಂಜೆ ಕ್ಲಾಸು, ಎರಡೇ ವಿಷಯ: ಬರ್ನೌಲಿ ರೂಲ್ ಹಾಕಿ ಇಂಟಿಗ್ರೇಟ್ ಮಾಡುವುದು, ಪಾರ್ಷಿಯಲ್ ಫ್ರ್ಯಾಕ್ಷನ್. ಇಡೀ ಕ್ಯಾಲ್ಕುಲಸ್ ಹೇಳಿಕೊಡಲು ಹೋದರೆ ಮೂರನೇ ದಿನ ಯಾರೂ ಇರುವುದಿಲ್ಲ. ಈ ಎರಡು ಕೈಗೆ ಬಂದರೆ ಲ್ಯಾಪ್ಲಾಸ್ ಲೆಕ್ಕದಲ್ಲಿ ಅರ್ಧಕ್ಕೆ ನಿಲ್ಲುವುದು ತುಂಬಾ ಕಡಿಮೆಯಾಗುತ್ತದೆ. ಪಾಠ ಮಾಡುವುದು ಗಣಿತ ವಿಭಾಗದವರಲ್ಲ, ಇದೇ ದಾರಿಯಲ್ಲಿ ಬಂದು ಈಗ ಐದನೇ ಅಥವಾ ಏಳನೇ ಸೆಮಿಸ್ಟರ್‌ನಲ್ಲಿರುವ ಹುಡುಗರು. ನನ್ನ ಮುಂದೆ "ಅರ್ಥ ಆಯ್ತಾ?" ಅಂದರೆ "ಹ್ಞೂಂ ಸರ್" ಅನ್ನುವವರೇ "ಅಕ್ಕಾ, ಮೈನಸ್ ಎಲ್ಲಿಂದ ಬಂತು?" ಅಂತ ಅವರನ್ನು ಕೇಳುತ್ತಾರೆ.

ಇನ್ನೊಂದು ವಿಷಯ ಈ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಇವರ ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಗ್ರೇಡ್ ಸರಾಸರಿ) ಲೆಕ್ಕಕ್ಕೆ ಬರುವುದು ಮೂರನೇ ಸೆಮಿಸ್ಟರ್‌ನಿಂದ. ಒಟ್ಟು ಆರೇ ಸೆಮಿಸ್ಟರ್. ಎಲ್ಲದಕ್ಕಿಂತ ಕಷ್ಟದ ಸೆಮಿಸ್ಟರೇ ಇವರ ಮೊದಲನೆಯದು, ಅದು ಕೆಟ್ಟರೆ ಮೇಲೆತ್ತಲು ಜಾಗ ಕಡಿಮೆ. ಬಂದ ವಾರವೇ ಇದನ್ನು ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಹೆದರಿಸಲು ಅಲ್ಲ, ಆದರೂ ಒಂದಿಬ್ಬರು ಹೆದರುತ್ತಾರೆ.

ಮಿಕ್ಕಿದ್ದೆಲ್ಲ ಸಣ್ಣಪುಟ್ಟ ಮಾಹಿತಿ, ಮೊದಲ ವರ್ಷದ ಓರಿಯೆಂಟೇಷನ್‌ನಲ್ಲಿ ಹೇಳಿ ಮುಗಿಸಿದ್ದು. ಕ್ಲಾಸಿನ ವಾಟ್ಸಾಪ್ ಗ್ರೂಪ್‌ಗೆ ಯಾರು ಸೇರಿಸುತ್ತಾರೆ, ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಯಾವಾಗ, ಯಾವ ಲೈಬ್ರರಿ ಕಾರ್ಡ್. ಪಾಠದಾಚೆಯ ಚಟುವಟಿಕೆಗಳಿಂದ ಗಳಿಸಬೇಕಾದ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ ಉಳಿದವರಿಗೆ 100, ಇವರಿಗೆ 75 ಸಾಕು ಅನ್ನುವುದು ಕೊನೆಯ ವರ್ಷದವರೆಗೂ ಗೊತ್ತಿಲ್ಲದೆ 100ರ ಹಿಂದೆ ಓಡಿದವರಿದ್ದಾರೆ.

ಪ್ಲೇಸ್‌ಮೆಂಟ್ ಬಗ್ಗೆ ಬೇರೆಯೇ ಬರೆಯಬಹುದು. ಕೆಲವು ಕಂಪನಿಗಳ ಫಾರಂನಲ್ಲಿ ಹನ್ನೆರಡನೇ ತರಗತಿಯ ಅಂಕ ಹಾಕದೆ ಮುಂದಕ್ಕೆ ಹೋಗಲು ಬಿಡುವುದೇ ಇಲ್ಲ, ಡಿಪ್ಲೊಮಾ ಅನ್ನುವ ಆಯ್ಕೆಯೇ ಇರುವುದಿಲ್ಲ. ಹುಡುಗ ತನಗೆ ಅರ್ಹತೆ ಇಲ್ಲ ಅಂದುಕೊಂಡು ಸುಮ್ಮನಾಗುತ್ತಾನೆ. ಪ್ಲೇಸ್‌ಮೆಂಟ್ ಆಫೀಸಿನಿಂದ ಒಂದು ಫೋನ್ ಹೋದರೆ ಎಷ್ಟೋ ಸಲ ಸರಿಹೋಗುತ್ತದೆ, ಆ ಜಾಗದಲ್ಲಿ ಡಿಪ್ಲೊಮಾ ಅಂಕ ಹಾಕಿ ಅನ್ನುತ್ತಾರೆ ಅಷ್ಟೇ. ಆದರೆ ಆ ಫೋನ್ ಮಾಡಿಸಬೇಕಾದರೆ ಯಾರಾದರೂ ಬಂದು ಹೇಳಬೇಕು, ಅಲ್ವಾ?

ಎಲ್ಲರೂ ಒಂದೇ ಥರ ಅಂತ ಮಾತ್ರ ಅಂದುಕೊಳ್ಳಬೇಡಿ. ಎರಡು ವರ್ಷ ಫ್ಯಾಕ್ಟರಿಯಲ್ಲಿ ದುಡಿದು ಬಂದವರಿದ್ದಾರೆ, ಪಿಯುಸಿಯವರನ್ನೇ ಹಿಂದೆ ಹಾಕಿ ವಿಭಾಗಕ್ಕೆ ಮೊದಲು ಬಂದವರಿದ್ದಾರೆ, ಯಾವ ಸಹಾಯವೂ ಬೇಡ ಸರ್ ಅಂತ ನೇರವಾಗಿ ಹೇಳಿದವರೂ ಇದ್ದಾರೆ. ಅವರ ಬೆನ್ನು ಹತ್ತಬಾರದು. ಕೆಲವು ಕಡೆ ಲ್ಯಾಟರಲ್‌ನವರಿಗೇ ಪ್ರತ್ಯೇಕ ಸೆಕ್ಷನ್ ಮಾಡುತ್ತಾರಂತೆ, ನನಗದು ಒಂದಿಷ್ಟೂ ಹಿಡಿಸುವುದಿಲ್ಲ.

ಈಗ ವಿಭಾಗದಲ್ಲಿ ನಡೆಯುತ್ತಿರುವ ಚರ್ಚೆ ಕೊನೆಯ ವರ್ಷದ ಪ್ರಾಜೆಕ್ಟ್ ತಂಡಗಳದ್ದು. ಲ್ಯಾಬ್ ಥರವೇ ಅಲ್ಲೂ ಬೆರೆಸೋಣ ಅಂತ ನಾನು ಕೇಳಿದ್ದೇನೆ. ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಒಪ್ಪಿಲ್ಲ. ವರ್ಷವಿಡೀ ಜೊತೆಗೆ ಕೆಲಸ ಮಾಡುವವರು, ತಂಡವನ್ನು ಅವರೇ ಆರಿಸಿಕೊಳ್ಳಲಿ ಅನ್ನುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಲ್ಯಾಬ್‌ನಲ್ಲಿ ಎರಡು ವರ್ಷ ಒಂದೇ ಟೇಬಲ್‌ನಲ್ಲಿದ್ದವರು ತಾವಾಗೇ ಒಂದು ತಂಡ ಆಗುತ್ತಾರಾ ನೋಡಬೇಕು. ಹೋದ ಬ್ಯಾಚ್‌ನಲ್ಲಿ ಕೆಲವರು ಆದರು, ಇನ್ನು ಕೆಲವರು ಮತ್ತೆ 400, 401, 402 ಅಂತಲೇ ಹೆಸರು ಕೊಟ್ಟರು.