ಬ್ಯಾಕಪ್‌ಗೆ ಓದುವ ಹಕ್ಕು ಸಾಕು

12 ಜೂನ್ 2024, ಬುಧವಾರ

ಕೋಡನ್ನೂ ಅದರ ಬದಲಾವಣೆಗಳ ಇತಿಹಾಸವನ್ನೂ ಇಡುವ ಆಫೀಸಿನ ಗಿಟ್ ಸರ್ವರ್‌ನ ಬ್ಯಾಕಪ್ ಇವತ್ತು ಸರಿಹೋಯಿತು. ರಾತ್ರಿ ಕ್ರಾನ್‌ನಲ್ಲಿ (ಗೊತ್ತಾದ ಹೊತ್ತಿಗೆ ಕೆಲಸವನ್ನು ತಾನೇ ಓಡಿಸುವ ವ್ಯವಸ್ಥೆ) ಓಡುವ ಹಳೆಯ ಸ್ಕ್ರಿಪ್ಟ್ ದಿನವೂ ಎಲ್ಲವನ್ನೂ ಒಂದರಲ್ಲೇ ಕಟ್ಟಿದ ಒಂದು ಟಾರ್ ಫೈಲ್ ಮಾಡಿಡುತ್ತಿತ್ತು. ಹೆಸರಿನಲ್ಲಿ ತಾರೀಖು ಸರಿಯಾಗಿತ್ತು. ಬಿಚ್ಚಿದರೆ ಒಳಗೆ ಒಂದು ರೆಪೊಸಿಟರಿಯೂ (ಒಂದು ಪ್ರಾಜೆಕ್ಟಿನ ಕೋಡು, ಇತಿಹಾಸ ಇರುವ ಫೋಲ್ಡರ್) ಇಲ್ಲ. ಓದಲಾಗದ ಫೋಲ್ಡರ್ ಸಿಕ್ಕರೆ ಟಾರ್ 'ಪರ್ಮಿಷನ್ ಡಿನೈಡ್' ಅಂದು ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಕೊನೆಗೆ ತಪ್ಪಾಗಿದೆ ಅಂತ ತಿಳಿಸುವ ಎಕ್ಸಿಟ್ ಕೋಡ್ 2 ಕೊಡುತ್ತದೆ. ಸ್ಕ್ರಿಪ್ಟ್ ಆ ಕೋಡನ್ನು ನೋಡುತ್ತಲೇ ಇರಲಿಲ್ಲ. ಇಂಥ ಬ್ಯಾಕಪ್‌ಗಿಂತ ಇಲ್ಲದಿರುವುದೇ ವಾಸಿ. ಇಲ್ಲ ಅಂತಾದರೂ ಗೊತ್ತಿರುತ್ತದೆ.

"ಸಾರ್, 777 ಕೊಟ್ಟುಬಿಡೋಣ, ಇಲ್ಲಾಂದ್ರೆ ರೂಟ್‌ನಲ್ಲಿ ಓಡಿಸೋಣ" ಅಂದ ಜೊತೆಯ ಹುಡುಗ. ಎರಡೂ ಬೇಡ ಅಂದೆ. 777 ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಆ ಮೆಷಿನ್‌ಗೆ ಲಾಗಿನ್ ಆದ ಯಾರು ಬೇಕಾದರೂ ಕೋಡಿನ ಇತಿಹಾಸವನ್ನೇ ಅಳಿಸಬಹುದು. ರೂಟ್ ಆಗಿ, ಅಂದರೆ ಎಲ್ಲ ಹಕ್ಕೂ ಇರುವ ಯೂಸರ್ ಆಗಿ, ಓಡುವ ಸ್ಕ್ರಿಪ್ಟ್ ರೆಪೊಸಿಟರಿಯೊಳಗೆ ಒಂದು ಫೋಲ್ಡರ್ ಮಾಡಿದರೂ ಸಾಕು, ಅದು ರೂಟ್‌ನದ್ದಾಗುತ್ತದೆ. ರೆಪೊಸಿಟರಿಗಳ ಒಡೆಯನಾದ ಗಿಟ್ ಯೂಸರ್ ಅದರಲ್ಲಿ ಬರೆಯಲಾಗದೆ ಯಾರದೋ ಪುಶ್ (ಸರ್ವರ್‌ಗೆ ಕೋಡು ಕಳಿಸುವುದು) ನಿಲ್ಲುತ್ತದೆ. ಬ್ಯಾಕಪ್ ತೆಗೆಯುವವನಿಗೆ ಬೇಕಾದ್ದು ಓದುವ ಹಕ್ಕು. ಅಷ್ಟನ್ನೇ ಕೊಡಬೇಕು.

ಬ್ಯಾಕಪ್ ಖಾಲಿಯಾಗಿದ್ದ ಕಾರಣ, ಸರ್ವರ್‌ನಲ್ಲಿ ಯಾರಿಗೆ ಯಾವ ರೆಪೊಸಿಟರಿ ಅಂತ ನೋಡಿಕೊಳ್ಳುವ ಗಿಟೊಲೈಟ್‌ನಲ್ಲಿತ್ತು. ಹೊಸ ಫೈಲುಗಳಲ್ಲಿ ಯಾವ ಹಕ್ಕು ಕಳೆಯಬೇಕು ಅಂತ ಹೇಳುವ ಅದರ ಯುಮಾಸ್ಕ್ ಮೊದಲಿನಿಂದಲೇ 0077 ಇರುತ್ತದೆ, ಅಂದರೆ ಗಿಟ್ ಯೂಸರ್ ಬಿಟ್ಟು ಬೇರೆ ಯಾರಿಗೂ ಒಳಗೆ ದಾರಿಯಿಲ್ಲ. ಗಿಟೊಲೈಟ್‌ನ ಆರ್‌ಸಿ (ಸೆಟ್ಟಿಂಗ್) ಫೈಲಿನಲ್ಲಿ ಅದನ್ನು 0027 ಮಾಡಿ, ಬ್ಯಾಕಪ್ ಯೂಸರನ್ನು ಗಿಟ್ ಗ್ರೂಪಿಗೆ ಸೇರಿಸಿದೆವು. ಈಗ ಗ್ರೂಪಿನವರು ಓದಬಹುದು, ಬರೆಯುವಂತಿಲ್ಲ. ಇದು ಹೊಸ ಫೈಲುಗಳಿಗೆ ಮಾತ್ರ ಅನ್ವಯ. ಹಳೆಯವಕ್ಕೆ ರೆಪೊಸಿಟರಿಗಳ ಫೋಲ್ಡರ್ ಮೇಲೆ, ಹಕ್ಕು ಬದಲಿಸುವ ಸಿಎಚ್‌ಮಾಡ್ ಕಮಾಂಡ್‌ನಲ್ಲಿ ಗ್ರೂಪಿಗೆ ಓದುವ ಆರ್ ಮತ್ತು ದೊಡ್ಡ ಎಕ್ಸ್ ಕೊಟ್ಟೆವು. ದೊಡ್ಡ ಎಕ್ಸ್ ಆದರೆ ಫೋಲ್ಡರ್‌ಗಳಿಗೆ ದಾರಿ ತೆರೆಯುತ್ತದೆ, ಮಾಮೂಲಿ ಫೈಲುಗಳನ್ನು ಓಡಿಸುವಂತೆ ಮಾಡುವುದಿಲ್ಲ. ಗಿಟ್ ಯೂಸರ್‌ನ ಇಡೀ ಹೋಮ್ ಫೋಲ್ಡರ್ ಮೇಲೆ ಇದನ್ನು ಓಡಿಸಬಾರದು, ಅಲ್ಲಿ ಲಾಗಿನ್‌ಗೆ ಬಳಸುವ ಎಸ್‌ಎಸ್‌ಎಚ್ ಕೀಗಳಿರುತ್ತವೆ. ಹೋಮ್‌ಗೆ ಗ್ರೂಪಿನವರು ದಾಟಿಹೋಗುವಷ್ಟು ಹಕ್ಕು ಸಾಕು.

ಟಾರ್ ಬದಲು, ರೆಪೊಸಿಟರಿಯ ಇತಿಹಾಸವನ್ನು ಗಿಟ್ ತಾನೇ ಒಂದು ಫೈಲಿಗೆ ಕಟ್ಟುವ ಗಿಟ್ ಬಂಡಲ್ ಹಾಕಿದೆವು, ಯಾರಾದರೂ ಪುಶ್ ಮಾಡುತ್ತಿರುವಾಗ ಫೈಲುಗಳನ್ನು ನಕಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಆಗ ಬಂತು 'ಡ್ಯೂಬಿಯಸ್ ಓನರ್‌ಶಿಪ್' (ಒಡೆತನ ಅನುಮಾನ) ಅನ್ನುವ ಎರರ್. 2022ರ ಏಪ್ರಿಲ್‌ನಲ್ಲಿ ಗಿಟ್‌ನ 2.35.2 ಆವೃತ್ತಿ ಬಂದಾಗಿನಿಂದ, ಬೇರೊಬ್ಬರ ಒಡೆತನದ ರೆಪೊಸಿಟರಿಯೊಳಗೆ ಕೆಲಸ ಮಾಡಲು ಗಿಟ್ ಒಪ್ಪುವುದಿಲ್ಲ; ಅದರ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲಿನಲ್ಲಿ) ಕೆಟ್ಟ ಕಮಾಂಡ್ ಅಡಗಿರಬಹುದು ಅಂತ. ಆದ್ದರಿಂದಲೇ, ಈ ಫೋಲ್ಡರನ್ನು ನಂಬಬಹುದು ಅನ್ನುವ 'ಸೇಫ್ ಡೈರೆಕ್ಟರಿ' ಸೆಟ್ಟಿಂಗನ್ನು ರೆಪೊಸಿಟರಿಯ ಕಾನ್ಫಿಗ್‌ನಲ್ಲಿ ಬರೆದರೆ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಯಾಕಪ್ ಯೂಸರ್‌ನ ಗ್ಲೋಬಲ್ ಕಾನ್ಫಿಗ್‌ನಲ್ಲಿ ಒಂದೊಂದೇ ಪಾಥ್ ಬರೆದೆವು. ಪಾಥ್ ಬದಲು ನಕ್ಷತ್ರ (*) ಹಾಕಿ ಎಲ್ಲಕ್ಕೂ ಬಾಗಿಲು ತೆರೆಯಲಿಲ್ಲ.

ಸಂಜೆ ಬೇರೆ ಮೆಷಿನ್‌ನಲ್ಲಿ ಬಂಡಲ್‌ನಿಂದ ಕ್ಲೋನ್ (ರೆಪೊಸಿಟರಿಯ ನಕಲು) ಮಾಡಿ, ಒಳಗೆ ಏನೂ ಕೆಟ್ಟಿಲ್ಲವೇ ಅಂತ ನೋಡುವ ಎಫ್‌ಎಸ್‌ಸಿಕೆ ಓಡಿಸಿದೆವು. ಬ್ರಾಂಚು, ಟ್ಯಾಗು ಎಲ್ಲ ಬಂದಿವೆ. ಹುಕ್‌ಗಳು (ಪುಶ್‌ನಂಥ ಕೆಲಸಗಳಾದಾಗ ತಾವೇ ಓಡುವ ಸ್ಕ್ರಿಪ್ಟುಗಳು) ಬಂಡಲ್‌ನಲ್ಲಿ ಬರುವುದಿಲ್ಲ. ಅವನ್ನು ಬೇರೆಯಾಗಿ ತೆಗೆದಿಡುವ ಸಾಲನ್ನು ಹುಡುಗ ನಾಳೆ ಸೇರಿಸುತ್ತಾನೆ. ಕಮಾಂಡ್ ಸೋತರೆ ಇಬ್ಬರಿಗೂ ಮೇಲ್ ಬರುತ್ತದೆ.